ಒಂದೂವರೆ ಲಕ್ಷ ಕಿ.ಮೀ. ಓಡಿದ ಲಕ್ಷುರಿ ಆಟೊಮ್ಯಾಟಿಕ್: ಬೆಂಜ್, ಬಿಎಂಡಬ್ಲ್ಯು, ಆಡಿ, ಕ್ಯಾಮ್ರಿ ಪೈಕಿ ಯಾವುದು?

ಹೊಸದರಲ್ಲಿ ನಲವತ್ತು ಲಕ್ಷದ ಆಸುಪಾಸಿನಲ್ಲಿದ್ದ ಇ-ಕ್ಲಾಸ್, 5 ಸೀರೀಸ್, ಎ6 ಕಾರುಗಳು ಹತ್ತು-ಹನ್ನೆರಡು ವರ್ಷ ಕಳೆದ ಮೇಲೆ ಹೊಸ ಹ್ಯಾಚ್‌ಬ್ಯಾಕ್‌ನ ಬೆಲೆಗೆ ಬಂದು ನಿಲ್ಲುತ್ತವೆ. ಇಳಿದದ್ದು ಕಾರಿನ ಬೆಲೆ ಮಾತ್ರ, ಬಿಡಿಭಾಗಗಳದ್ದಲ್ಲ. ಹಾಗಾಗಿ ಎಂಟು ಲಕ್ಷಕ್ಕೆ ಕಾರು ಸಿಕ್ಕರೆ ಇನ್ನೂ ಎರಡು ಲಕ್ಷ ಬೇರೆಯಾಗಿ ಎತ್ತಿಟ್ಟುಕೊಳ್ಳಿ. ಆ ಎರಡು ಲಕ್ಷ ಇಲ್ಲದಿದ್ದರೆ ಆರು ಲಕ್ಷದ ಕಾರನ್ನು ಹುಡುಕಿ.

ಕೊಳ್ಳುವವರು ಸಾಮಾನ್ಯವಾಗಿ ಮೊದಲು ಬ್ರ್ಯಾಂಡ್ ನೋಡುತ್ತಾರೆ, ಆಮೇಲೆ ಕಿಲೋಮೀಟರ್, ಆಮೇಲೆ ಬಣ್ಣ. ಇಷ್ಟು ಓಡಿದ ಕಾರಿನಲ್ಲಿ ಮೊದಲು ನೋಡಬೇಕಾದದ್ದು ಗೇರ್‌ಬಾಕ್ಸ್. ಆಯಿಲ್ ಸರಿಯಾಗಿ ಬದಲಾಯಿಸಿಕೊಂಡು ಬಂದ ಡೀಸೆಲ್ ಎಂಜಿನ್ ಮೂರು ಲಕ್ಷ ಕಿ.ಮೀ. ಓಡಬಲ್ಲದು. ಆದರೆ ಅದರ ಹಿಂದೆ ಕೂತ ಗೇರ್‌ಬಾಕ್ಸ್ ಯಾವ ಬಗೆಯದು, ಅದರ ಆಯಿಲ್ ಒಮ್ಮೆಯಾದರೂ ಬದಲಾಗಿದೆಯೇ ಎನ್ನುವುದರ ಮೇಲೆ ನಿಮ್ಮ ಮುಂದಿನ ಐದು ವರ್ಷದ ಖರ್ಚು ನಿಂತಿದೆ. ಅದಕ್ಕೇ ಇಲ್ಲಿ ಕಾರುಗಳನ್ನು ಗೇರ್‌ಬಾಕ್ಸ್ ಪ್ರಕಾರ ಹೋಲಿಸಿದೆ.

ಬಿಎಂಡಬ್ಲ್ಯು 520ಡಿ (ಎಫ್10 ಎಂಬ ತಲೆಮಾರು, 2010ರ ನಂತರದ್ದು): ಝಡ್‌ಎಫ್ 8 ಸ್ಪೀಡ್

ಈ ಪಟ್ಟಿಯ ಡೀಸೆಲ್ ಕಾರುಗಳಲ್ಲಿ ಅತ್ಯುತ್ತಮ ಗೇರ್‌ಬಾಕ್ಸ್ ಇದು. ಜರ್ಮನಿಯ ಝಡ್‌ಎಫ್ ಕಂಪನಿಯ 8ಎಚ್‌ಪಿ. ಇದರಲ್ಲಿ ಟಾರ್ಕ್ ಕನ್ವರ್ಟರ್ ಇದೆ, ಅಂದರೆ ಕಾರು ನಿಂತಲ್ಲಿಂದ ಹೊರಡುವಾಗ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಆಯಿಲ್ ಕೆಲಸ ಮಾಡುತ್ತದೆ, ಕ್ಲಚ್ ಪ್ಲೇಟ್ ಉಜ್ಜುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್‌ನಂಥ ಕಡೆ ಗಂಟೆಗಟ್ಟಲೆ ತೆವಳಿದರೂ ಇದು ತಡೆದುಕೊಳ್ಳುತ್ತದೆ.

ಬಿಎಂಡಬ್ಲ್ಯು ಇದರ ಆಯಿಲ್ ಜೀವಮಾನಕ್ಕೆ ಸಾಕು ಎನ್ನುತ್ತದೆ. ಗೇರ್‌ಬಾಕ್ಸ್ ತಯಾರಿಸಿದ ಝಡ್‌ಎಫ್ 80,000ದಿಂದ 1,20,000 ಕಿ.ಮೀ. ಒಳಗೆ, ಇಲ್ಲವೇ 8 ವರ್ಷಕ್ಕೆ ಬದಲಾಯಿಸಿ ಎನ್ನುತ್ತದೆ. ಝಡ್‌ಎಫ್ ಮಾತು ಕೇಳಿ. ಫಿಲ್ಟರ್ ಗೇರ್‌ಬಾಕ್ಸ್ ತಳದ ಪ್ಲಾಸ್ಟಿಕ್ ಆಯಿಲ್ ಪ್ಯಾನ್‌ನ ಒಳಗೇ ಕೂಡಿಕೊಂಡಿರುವುದರಿಂದ ಪ್ಯಾನ್ ಸಮೇತ ಬದಲಾಯಿಸಬೇಕು. ಕಿಟ್‌ನಲ್ಲಿ ಪ್ಯಾನ್, ಹೊಸ ಬೋಲ್ಟ್‌ಗಳು, 7 ಲೀಟರ್ ಲೈಫ್‌ಗಾರ್ಡ್ 8 ಆಯಿಲ್ ಬರುತ್ತವೆ. ಹಳೆ ಬೋಲ್ಟ್ ಮತ್ತೆ ಹಾಕುವ ಗ್ಯಾರೇಜ್‌ಗೆ ಹೋಗಬೇಡಿ. ಪ್ಯಾನ್ ಅಂಚಿನಲ್ಲಿ ಜಿನುಗು ಶುರುವಾಗಬಹುದು.

ಇದಕ್ಕೆ ಡಿಪ್‌ಸ್ಟಿಕ್ ಇಲ್ಲ. ಕಾರು ಲಿಫ್ಟ್ ಮೇಲೆ ಮಟ್ಟವಾಗಿ ನಿಂತಿರಬೇಕು, ಎಂಜಿನ್ ಓಡುತ್ತಿರಬೇಕು, ಎಲ್ಲ ಗೇರ್ ಒಮ್ಮೆ ಹಾಕಿ ತೆಗೆದು ಪಾರ್ಕ್‌ಗೆ ತರಬೇಕು, ಆಯಿಲ್ ತಾಪ 30ರಿಂದ 50 ಡಿಗ್ರಿ ನಡುವೆ ಇರಬೇಕು. ಆಗ ಪಕ್ಕದ ತೂತಿನಿಂದ ಆಯಿಲ್ ಸಣ್ಣಗೆ ಹೊರಬರುವವರೆಗೆ ತುಂಬಿ ಮುಚ್ಚಬೇಕು. ತಾಪವನ್ನು ಸ್ಕ್ಯಾನರ್‌ನಲ್ಲಿ (ಕಾರಿನ ಕಂಪ್ಯೂಟರ್ ಓದುವ ಯಂತ್ರ) ನೋಡದೆ, ಹಳೆ ಆಯಿಲ್ ಎಷ್ಟು ಬಂತೋ ಅಷ್ಟೇ ಹಾಕಿ ಕಳಿಸಿದರೆ ಮೊದಲೇ ಇದ್ದ ಕೊರತೆ ಹಾಗೇ ಉಳಿಯುತ್ತದೆ.

ಈ ಕಾರಿನ ದುರ್ಬಲ ಜಾಗ ಗೇರ್‌ಬಾಕ್ಸ್ ಅಲ್ಲ, ಎಂಜಿನ್. 184 ಎಚ್‌ಪಿಯ ಎನ್47 ಎಂಜಿನ್‌ನ ಟೈಮಿಂಗ್ ಚೈನ್ ಹಿಂಬದಿಯಲ್ಲಿದೆ, ಗೇರ್‌ಬಾಕ್ಸ್‌ಗೆ ಅಂಟಿಕೊಂಡಂತೆ. ಚೈನ್ ಸಡಿಲಾದರೆ ಅದನ್ನು ತಲುಪಲು ಗೇರ್‌ಬಾಕ್ಸ್ ಇಳಿಸಬೇಕು, ಬಹಳಷ್ಟು ಗ್ಯಾರೇಜ್‌ಗಳು ಎಂಜಿನ್ ಅನ್ನೇ ಹೊರತೆಗೆಯುತ್ತವೆ. ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ ಹೋದಂತೆಯೇ. 2011ಕ್ಕೆ ಮುಂಚಿನ ಎಂಜಿನ್‌ಗಳಲ್ಲಿ ಈ ದೂರು ಹೆಚ್ಚು. ನಂತರ ಬಂದ 190 ಎಚ್‌ಪಿಯ ಬಿ47 ಎಂಜಿನ್ ಸಿಕ್ಕರೆ ಹೆಚ್ಚು ದುಡ್ಡು ಕೊಟ್ಟಾದರೂ ಅದನ್ನೇ ತೆಗೆದುಕೊಳ್ಳಿ. ಜೊತೆಗೆ ಇಜಿಆರ್ ಕೂಲರ್ (ಎಂಜಿನ್‌ಗೆ ಮರಳಿ ಹೋಗುವ ಹೊಗೆಯನ್ನು ತಂಪಾಗಿಸುವ ಭಾಗ) ಬದಲಾಗಿದೆಯೇ ಕೇಳಿ. ಕೂಲಂಟ್ ಒಳಗೆ ಸೋರಿ ಬೆಂಕಿ ಹತ್ತುವ ಅಪಾಯಕ್ಕಾಗಿ 2018ರಲ್ಲಿ ಕಂಪನಿ ದೊಡ್ಡ ಪ್ರಮಾಣದ ರೀಕಾಲ್ ಶುರುಮಾಡಿತ್ತು. ಚಾಸಿಸ್ ನಂಬರ್ ಕೊಟ್ಟರೆ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ತಿಳಿಯುತ್ತದೆ.

ಮರ್ಸಿಡಿಸ್ ಇ250 ಸಿಡಿಐ (ಡಬ್ಲ್ಯು212): 5 ಮತ್ತು 7 ಸ್ಪೀಡ್

ಎಂಜಿನ್ ಒಎಂ651, 2143 ಸಿಸಿ, 204 ಎಚ್‌ಪಿ, 500 ಎನ್‌ಎಂ ಎಳೆತ. ಆರಂಭದ ಕಾರುಗಳಿಗೆ 5 ಸ್ಪೀಡ್ ಗೇರ್‌ಬಾಕ್ಸ್, ನಂತರದವಕ್ಕೆ 7ಜಿ-ಟ್ರಾನಿಕ್. ಎರಡೂ ಟಾರ್ಕ್ ಕನ್ವರ್ಟರ್ ಬಗೆಯವು, ಎರಡೂ ದೀರ್ಘಾಯುಷಿಗಳು. ಮೆಕ್ಯಾನಿಕಲ್ ಭಾಗ ಕೈಕೊಡುವುದು ಅಪರೂಪ. ತೊಂದರೆ ಕೊಡುವುದು ಒಳಗಿರುವ ಎಲೆಕ್ಟ್ರಾನಿಕ್ ಪ್ಲೇಟ್.

5 ಸ್ಪೀಡ್‌ನಲ್ಲಿ ವೈರಿಂಗ್ ಕನೆಕ್ಟರ್‌ನ ರಬ್ಬರ್ ರಿಂಗ್ ಗಟ್ಟಿಯಾಗಿ ಆಯಿಲ್ ಜಿನುಗುತ್ತದೆ. ಅದು ವೈರ್‌ಗಳ ಒಳಗೇ ಹರಿದು ದೂರದಲ್ಲಿರುವ ಕಂಟ್ರೋಲ್ ಯೂನಿಟ್‌ವರೆಗೆ ತಲುಪುವುದೂ ಉಂಟು. ಕನೆಕ್ಟರ್ ಬದಲಾಯಿಸುವುದು ಸಣ್ಣ ಕೆಲಸ, ಸಣ್ಣ ಖರ್ಚು. ನಿರ್ಲಕ್ಷಿಸಿದರೆ ಮಾತ್ರ ದೊಡ್ಡದಾಗುತ್ತದೆ. 7 ಸ್ಪೀಡ್‌ನಲ್ಲಿ ಕಂಟ್ರೋಲ್ ಯೂನಿಟ್ ಗೇರ್‌ಬಾಕ್ಸ್ ಒಳಗೇ ಬಿಸಿ ಆಯಿಲ್‌ನಲ್ಲಿ ಮುಳುಗಿ ಕೂತಿರುತ್ತದೆ, ಸ್ಪೀಡ್ ಸೆನ್ಸರ್‌ಗಳು ಅದರಲ್ಲೇ ಕೂಡಿಕೊಂಡಿವೆ. ಸೆನ್ಸರ್ ಕೆಟ್ಟರೆ ಕಾರು ಒಂದೇ ಗೇರ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ನಿಲ್ಲಿಸಿ, ಕೀ ತೆಗೆದು, ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಸರಿಯಾಗುತ್ತದೆ. ಮಾರುವವರು ಕಾರಿನ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷದ ಕೋಡ್ ಅಳಿಸಿ ತೋರಿಸಲು ಸುಲಭವಾದ ದೋಷ ಇದೇ.

ಆಯಿಲ್ ಆಯ್ಕೆಯಲ್ಲಿ ಎಡವಟ್ಟಾಗುವುದು ಇಲ್ಲೇ. ಮೊದಲಿನ 7 ಸ್ಪೀಡ್‌ಗೆ 236.14 ದರ್ಜೆಯ ಕೆಂಪು ಆಯಿಲ್, ಆಮೇಲೆ ಬಂದ 7ಜಿ-ಟ್ರಾನಿಕ್ ಪ್ಲಸ್‌ಗೆ 236.15 ದರ್ಜೆಯ ನೀಲಿ ಆಯಿಲ್. ಅದಲು ಬದಲು ಮಾಡಬಾರದು. ಚಾಸಿಸ್ ನಂಬರ್ ಹಾಕಿ ಖಚಿತ ಮಾಡಿಕೊಂಡೇ ಡಬ್ಬ ತೆರೆಯಬೇಕು. ಗೇರ್‌ಬಾಕ್ಸ್‌ನ ಒಟ್ಟು ಆಯಿಲ್ ಸುಮಾರು 9 ಲೀಟರ್, ಪ್ಯಾನ್ ಬಿಚ್ಚಿದಾಗ ಅದರಲ್ಲಿ ಒಂದು ಪಾಲು ಮಾತ್ರ ಇಳಿಯುತ್ತದೆ. 7 ಸ್ಪೀಡ್‌ನ ಮಟ್ಟ ನೋಡುವ ತಾಪ 45 ಡಿಗ್ರಿ.

ಒಎಂ651ರ ಚೈನ್ ಕೂಡ ಹಿಂಬದಿಯಲ್ಲೇ ಇದೆ, ಆದರೆ ಎನ್47ರಷ್ಟು ಕುಖ್ಯಾತವಲ್ಲ. ಅದಕ್ಕಿಂತ ಮೊದಲ ವರ್ಷಗಳ ಕಾರುಗಳ ಡೆಲ್ಫಿ ಕಂಪನಿಯ ಪೀಝೊ ಬಗೆಯ ಇಂಜೆಕ್ಟರ್‌ಗಳನ್ನು (ಡೀಸೆಲ್ ಸಿಂಪಡಿಸುವ ಭಾಗ) ವಿಚಾರಿಸಿ. ಅವು ಕೆಟ್ಟ ಕಾರಣಕ್ಕೆ ಕಂಪನಿ ಸೊಲೆನಾಯ್ಡ್ ಬಗೆಯವನ್ನು ಹಾಕಿಕೊಟ್ಟಿತ್ತು. ಬದಲಾಗಿದ್ದರೆ ನೆಮ್ಮದಿ. ಇನ್ನು ಸಿಗ್ನಲ್‌ನಲ್ಲಿ ಡ್ರೈವ್‌ನಲ್ಲಿ ನಿಂತಾಗ ಸೀಟು, ಸ್ಟೇರಿಂಗ್ ನಡುಗಿದರೆ ಹೆದರಬೇಡಿ. ಎಂಜಿನ್ ಮೌಂಟ್ ಒಳಗಿನ ದ್ರವ ಸೋರಿ ಮೌಂಟ್ ಕುಸಿದಿರುತ್ತದೆ. ಎರಡು ಎಂಜಿನ್ ಮೌಂಟ್, ಒಂದು ಗೇರ್‌ಬಾಕ್ಸ್ ಮೌಂಟ್ ಒಟ್ಟಿಗೆ ಬದಲಾಯಿಸಿದರೆ ಕಾರು ಹೊಸದರಂತೆ ಶಾಂತವಾಗುತ್ತದೆ. ಬೆಲೆ ಚೌಕಾಸಿಗೂ ಇದು ಒಳ್ಳೆಯ ಅಸ್ತ್ರ.

ಆಡಿ ಎ6 (ಸಿ7): ಎರಡು ಗೇರ್‌ಬಾಕ್ಸ್, ಎರಡಕ್ಕೂ ಎಚ್ಚರ

2011ರಲ್ಲಿ ಬಂದ ಎ6ನ 2.0 ಟಿಡಿಐಗೆ ಮಲ್ಟಿಟ್ರಾನಿಕ್ ಸಿವಿಟಿ (ಗೇರ್ ಮೆಟ್ಟಿಲುಗಳಿಲ್ಲದ ಬಗೆ), 3.0 ಟಿಡಿಐ ಕ್ವಾಟ್ರೊಗೆ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವುದು) 7 ಸ್ಪೀಡ್ ಎಸ್-ಟ್ರಾನಿಕ್. ಕಾರಿನ ಒಳಾಂಗಣ ಮೂರರಲ್ಲಿ ಅತ್ಯಂತ ಚೆಂದ, ಪೇಂಟ್ ಗುಣಮಟ್ಟವೂ ಹಾಗೇ. ಆದರೆ ಮಲ್ಟಿಟ್ರಾನಿಕ್‌ನಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ. ಆಯಿಲ್‌ನಲ್ಲಿ ನೆಂದ ಕ್ಲಚ್ ಪ್ಲೇಟ್‌ಗಳೇ ಪ್ರತಿ ಸಲ ಕಾರನ್ನು ಹೊರಡಿಸಬೇಕು. ಬೆಂಗಳೂರಿನ ತೆವಳುವ ಟ್ರಾಫಿಕ್‌ನಲ್ಲಿ ಈ ಪ್ಲೇಟ್‌ಗಳು ಬಿಸಿಯಾಗಿ, ಆಯಿಲ್ ಸುಟ್ಟು, ಅದರ ಪುಡಿ ಚೈನ್ ಮತ್ತು ಪುಲ್ಲಿಗಳ ನಡುವೆ ಸೇರುತ್ತದೆ. ಲಕ್ಷಣ ಮೂರು: ನಡಿಗೆಯ ವೇಗದಲ್ಲಿ ಜಗ್ಗಾಟ, ರಿವರ್ಸ್ ಹಿಡಿಯಲು ತಡ, ಡ್ಯಾಶ್‌ಬೋರ್ಡ್‌ನಲ್ಲಿ ಗೇರ್ ಅಕ್ಷರಗಳು ಮಿನುಗುವುದು. ಮೂರನೆಯದು ಕಂಡರೆ ಅಲ್ಲಿಗೇ ಬಿಟ್ಟು ಬನ್ನಿ.

ಎಸ್-ಟ್ರಾನಿಕ್ ಡ್ಯುಯಲ್ ಕ್ಲಚ್. ಒಂದು ಕ್ಲಚ್ 1-3-5-7ಕ್ಕೆ, ಇನ್ನೊಂದು 2-4-6ಕ್ಕೆ. ಓಡಿಸುತ್ತಿದ್ದಂತೆ ಬೆಸ ಗೇರ್‌ಗಳೆಲ್ಲ ಅಥವಾ ಸಮ ಗೇರ್‌ಗಳೆಲ್ಲ ಒಟ್ಟಿಗೆ ಮಾಯವಾದರೆ ಮೆಕಾಟ್ರಾನಿಕ್ (ಗೇರ್ ಬದಲಾವಣೆ ನಿಯಂತ್ರಿಸುವ ಘಟಕ) ಹೋಗಿದೆ ಎಂದು ತಿಳಿಯಿರಿ. ಎರಡೂ ಬಗೆಗೆ 60,000 ಕಿ.ಮೀ.ಗೆ ಆಯಿಲ್ ಬದಲಾಗಿರಲೇಬೇಕು, ಬದಲಾಯಿಸಿದ ಮೇಲೆ ಸ್ಕ್ಯಾನರ್‌ನಲ್ಲಿ ಕ್ಲಚ್ ಅಡಾಪ್ಟೇಶನ್ (ಕ್ಲಚ್ ಹಿಡಿತವನ್ನು ಹೊಸದಾಗಿ ಹೊಂದಿಸುವುದು) ಮಾಡಿಸಿರಬೇಕು. 1,50,000 ಓಡಿದ ಕಾರಿಗೆ ಇಂಥ ಎರಡು ಬಿಲ್ ಇರಬೇಕು. ಬಿಲ್ ಇಲ್ಲದ ಮಲ್ಟಿಟ್ರಾನಿಕ್ ಎಷ್ಟೇ ಅಗ್ಗವಾದರೂ ಬೇಡ. 2015ರ ಫೇಸ್‌ಲಿಫ್ಟ್‌ನಲ್ಲಿ ಮಲ್ಟಿಟ್ರಾನಿಕ್ ಹೋಗಿ 2.0 ಟಿಡಿಐಗೂ ಎಸ್-ಟ್ರಾನಿಕ್ ಬಂತು. ಆಡಿಯೇ ಬೇಕು ಎನ್ನುವವರು ಅಲ್ಲಿಂದ ಮುಂದಿನದ್ದನ್ನು ನೋಡಿ. 2.0 ಟಿಡಿಐಗೆ ಚೈನ್ ಅಲ್ಲ, ಟೈಮಿಂಗ್ ಬೆಲ್ಟ್. ನಮ್ಮ ಧೂಳು-ಬಿಸಿಲಿಗೆ 1,20,000 ಕಿ.ಮೀ.ಗೆ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಒಟ್ಟಿಗೆ ಬದಲಾಯಿಸುವುದು ಕ್ಷೇಮ.

ಇದೇ ಬಜೆಟ್‌ನಲ್ಲಿ ಸ್ಕೋಡಾ ಸುಪರ್ಬ್ ಕೂಡ ಸಿಗುತ್ತದೆ. 2.0 ಡೀಸೆಲ್‌ನ 6 ಸ್ಪೀಡ್ ಡಿಎಸ್‌ಜಿ (ಸ್ಕೋಡಾದ ಡ್ಯುಯಲ್ ಕ್ಲಚ್) ಆಯಿಲ್‌ನಲ್ಲಿ ನೆಂದ ಕ್ಲಚ್‌ನದು, ಪರವಾಗಿಲ್ಲ. 1.8 ಪೆಟ್ರೋಲ್‌ನ 7 ಸ್ಪೀಡ್ ಒಣ ಕ್ಲಚ್‌ನದು. ಅದನ್ನು ಬಿಟ್ಟುಬಿಡಿ.

ಟೊಯೊಟಾ ಕ್ಯಾಮ್ರಿ ಹೈಬ್ರಿಡ್: ಲೆಕ್ಕವೇ ಬೇರೆ

2013ರಿಂದ ನಮ್ಮ ಬಿಡದಿಯಲ್ಲೇ ಜೋಡಣೆಯಾದ ಕಾರು. 2.5 ಲೀಟರ್ ಪೆಟ್ರೋಲ್ ಎಂಜಿನ್ ಜೊತೆ ಎರಡು ಮೋಟಾರ್-ಜನರೇಟರ್, ನಡುವೆ ಪ್ಲಾನೆಟರಿ ಗೇರ್. ಇದನ್ನೂ ಸಿವಿಟಿ ಎಂದೇ ಕರೆಯುತ್ತಾರೆ, ಆದರೆ ಇದರಲ್ಲಿ ಬೆಲ್ಟ್ ಇಲ್ಲ, ಜಾರುವ ಕ್ಲಚ್ ಇಲ್ಲ, ಟಾರ್ಕ್ ಕನ್ವರ್ಟರ್ ಕೂಡ ಇಲ್ಲ. ಕೆಡಲು ಅಲ್ಲಿ ಹೆಚ್ಚೇನೂ ಇಲ್ಲ. ಟೊಯೊಟಾದ ಡಬ್ಲ್ಯುಎಸ್ ಆಯಿಲ್ ಅನ್ನು 80,000 ಕಿ.ಮೀ.ಗೆ ಒಮ್ಮೆ ಇಳಿಸಿ ತುಂಬಿದರೆ ಸಾಕು.

ಇಲ್ಲಿನ ದೊಡ್ಡ ಖರ್ಚು ಬ್ಯಾಟರಿ. ನಿಕಲ್ ಮೆಟಲ್ ಹೈಡ್ರೈಡ್, 34 ಮಾಡ್ಯೂಲ್, 244.8 ವೋಲ್ಟ್. ಸ್ಕ್ಯಾನರ್ ಇದನ್ನು 17 ಜೋಡಿಗಳಾಗಿ ತೋರಿಸುತ್ತದೆ. ಕಾರನ್ನು ಜೋರಾಗಿ ಓಡಿಸುತ್ತ ಆ ಹದಿನೇಳು ವೋಲ್ಟೇಜ್‌ಗಳನ್ನು ನೋಡಿ. ಎಲ್ಲವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯಬೇಕು. ಒಂದು ಮಾತ್ರ ಉಳಿದವುಗಳಿಗಿಂತ ಒಂದು ವೋಲ್ಟ್‌ನಷ್ಟು ಕುಸಿದರೆ ಆ ಜೋಡಿ ಸಾಯುತ್ತಿದೆ, ಬ್ಯಾಟರಿ ಬದಲಾಯಿಸಿ ಎನ್ನುವ ಪಿ0ಎ80 ಕೋಡ್ ಬರಲು ಹೆಚ್ಚು ದಿನವಿಲ್ಲ. ಈ ಬ್ಯಾಟರಿಗೆ ಗಾಳಿಯೇ ತಂಪು. ಹಿಂಬದಿ ಸೀಟಿನ ಬಳಿ ಗಾಳಿ ಎಳೆಯುವ ಜಾಲರಿ ಇದೆ. ಅದರ ಮೇಲೆ ಚೀಲ, ದಿಂಬು ಇಟ್ಟುಕೊಂಡು ವರ್ಷಗಟ್ಟಲೆ ಓಡಿಸಿದ ಕಾರಿನ ಬ್ಯಾಟರಿ ಬೇಗ ಸೊರಗಿರುತ್ತದೆ. ಫ್ಯಾನ್ ಬಿಚ್ಚಿ ನೋಡಿದರೆ ಧೂಳು, ಕೂದಲು ಕಂಬಳಿಯಂತೆ ಅಂಟಿರುತ್ತದೆ. ವರ್ಷಕ್ಕೊಮ್ಮೆ ಅದನ್ನು ಸ್ವಚ್ಛ ಮಾಡಿಸುವುದು ಈ ಕಾರಿನ ಅತಿ ಮುಖ್ಯ ಸರ್ವಿಸ್. ಇ20 ಪೆಟ್ರೋಲ್ (ಶೇ. 20 ಎಥೆನಾಲ್ ಬೆರೆತದ್ದು) ಎಲ್ಲೆಡೆ ಬಂದಿರುವುದರಿಂದ ಇಂಧನ ಪೈಪ್‌ಗಳ ರಬ್ಬರ್ ಭಾಗಗಳನ್ನೂ ಪ್ರತಿ ಸರ್ವಿಸ್‌ನಲ್ಲಿ ನೋಡಿಸಿ.

ಎಸ್-ಕ್ಲಾಸ್ (ಡಬ್ಲ್ಯು221), 7 ಸೀರೀಸ್ (ಎಫ್02) ಕೂಡ ಈಗ ಆಸೆ ಹುಟ್ಟಿಸುವ ಬೆಲೆಗೆ ಬಂದಿವೆ. ಎಸ್‌ನ ನಾಲ್ಕೂ ಚಕ್ರಕ್ಕೆ, 7ರ ಹಿಂದಿನ ಎರಡಕ್ಕೆ ಏರ್ ಸಸ್ಪೆನ್ಷನ್. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಒಂದು ಮೂಲೆ ಕುಸಿದು ನಿಂತಿದ್ದರೆ ಸಸ್ಪೆನ್ಷನ್‌ನ ಗಾಳಿ ಚೀಲ ಸೋರುತ್ತಿದೆ, ಅದನ್ನು ತುಂಬಲು ಹೆಣಗಾಡಿ ಕಂಪ್ರೆಸರ್ ಕೂಡ ಸವೆದಿರುತ್ತದೆ. ಎಸ್350 ಸಿಡಿಐನ ವಿ6 ಎಂಜಿನ್‌ನಲ್ಲಿ ಆಯಿಲ್ ಕೂಲರ್‌ನ ಸೀಲ್‌ಗಳು ಎಂಜಿನ್‌ನ ಕಣಿವೆಯೊಳಗೆ ಸೋರುತ್ತವೆ. ಸೀಲ್‌ಗೆ ಅಷ್ಟೇನೂ ಬೆಲೆಯಿಲ್ಲ, ಆದರೆ ಅಲ್ಲಿಗೆ ಕೈ ಹೋಗಬೇಕಾದರೆ ಟರ್ಬೊ, ಇನ್‌ಟೇಕ್ ಎಲ್ಲ ಬಿಚ್ಚಬೇಕು. ಮೊದಲ ಹಳೆ ಲಕ್ಷುರಿ ಕಾರಾಗಿ ಇವು ಬೇಡ.

ನೋಡಲು ಹೋದಾಗ

"ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಎಂದು ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬನ್ನಿ. ತಣ್ಣಗಿನ ಎಂಜಿನ್‌ನ ಮೊದಲ ಕೆಲವು ಸೆಕೆಂಡಿನ ಸದ್ದಿನಲ್ಲೇ ಚೈನ್‌ನ ಸ್ಥಿತಿ ಗೊತ್ತಾಗುತ್ತದೆ. ಎಂಜಿನ್‌ನ ಹಿಂಬದಿಯಿಂದ, ಕ್ಯಾಬಿನ್ ಕಡೆಯಿಂದ, ಸರಪಳಿ ಎಳೆದ ಸದ್ದು ಬಂದು ಬಿಸಿಯಾದ ಮೇಲೂ 1,500-2,000 ಆರ್‌ಪಿಎಂನಲ್ಲಿ ಉಳಿದರೆ ಬೇರೆ ಕಾರು ನೋಡಿ.

ನಂತರ ಬ್ರೇಕ್ ಒತ್ತಿಕೊಂಡೇ ಪಾರ್ಕ್‌ನಿಂದ ರಿವರ್ಸ್, ಅಲ್ಲಿಂದ ಡ್ರೈವ್. ಗೇರ್ ಕೂರಲು ಸುಮಾರು ಒಂದು ಸೆಕೆಂಡ್ ಸಾಕು. ಎರಡು-ಮೂರು ಸೆಕೆಂಡ್ ತಡೆದು ಧಡ್ ಎಂದರೆ ಆಯಿಲ್ ಕಡಿಮೆ ಇದೆ ಅಥವಾ ವಾಲ್ವ್ ಬಾಡಿ (ಗೇರ್‌ಬಾಕ್ಸ್‌ನಲ್ಲಿ ಆಯಿಲ್ ಒತ್ತಡ ಹಂಚುವ ಭಾಗ) ಸವೆದಿದೆ. ಏರುದಾರಿಯಲ್ಲಿ ಆಕ್ಸಿಲರೇಟರ್ ಮುಟ್ಟದೆ ತೆವಳಿಸಿ. ಆಮೇಲೆ ಹೆದ್ದಾರಿಯಲ್ಲಿ 60ರಿಂದ 80 ಕಿ.ಮೀ. ವೇಗದಲ್ಲಿ ಕಾಲನ್ನು ಹಗುರವಾಗಿ ಇಟ್ಟು ಓಡಿಸಿ. ರಸ್ತೆ ನುಣುಪಾಗಿದ್ದರೂ ಸಣ್ಣ ನಡುಕ ಬಂದು, ಆಕ್ಸಿಲರೇಟರ್ ಬಿಟ್ಟ ಕೂಡಲೇ ಮಾಯವಾದರೆ ಟಾರ್ಕ್ ಕನ್ವರ್ಟರ್‌ನ ಲಾಕಪ್ ಕ್ಲಚ್ (ವೇಗ ಹಿಡಿದ ಮೇಲೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಅನ್ನು ನೇರವಾಗಿ ಬೆಸೆಯುವುದು) ಜಾರುತ್ತಿದೆ. ಆರಂಭದ ಹಂತದಲ್ಲಿದ್ದರೆ ಹೊಸ ಆಯಿಲ್‌ನಿಂದ ಸರಿಹೋಗಬಹುದು, ಬಲಿತಿದ್ದರೆ ಇಲ್ಲ. 80-100ರಲ್ಲಿ ಬ್ರೇಕ್ ಹಿಡಿದಾಗ ಸ್ಟೇರಿಂಗ್ ನಡುಗುವುದು ಬೇರೆ ವಿಷಯ. ಬಿಎಂಡಬ್ಲ್ಯುನಲ್ಲಿ ಅದು ಹೆಚ್ಚಾಗಿ ಮುಂದಿನ ಆರ್ಮ್‌ನ ಬುಶ್, ಇಲ್ಲವೇ ಬ್ರೇಕ್ ಡಿಸ್ಕ್. ಗೇರ್‌ಬಾಕ್ಸ್ ಅಲ್ಲ. ಅರ್ಧ ಗಂಟೆ ಓಡಿಸಿ ಆಯಿಲ್ ಚೆನ್ನಾಗಿ ಬಿಸಿಯಾದ ಮೇಲೆ ಮತ್ತೆ ರಿವರ್ಸ್-ಡ್ರೈವ್ ಪರೀಕ್ಷೆ ಮಾಡಿ. ಹಲವು ದೋಷಗಳು ಬಿಸಿಯಲ್ಲೇ ಹೊರಬೀಳುತ್ತವೆ.

ಸ್ಕ್ಯಾನ್ ಇಲ್ಲದೆ ಮುಂಗಡ ಕೊಡಬೇಡಿ. ಬೆಂಜ್‌ಗೆ ಝೆಂಟ್ರಿ, ಬಿಎಂಡಬ್ಲ್ಯುಗೆ ಇಸ್ಟಾ, ಆಡಿ-ಸ್ಕೋಡಾಕ್ಕೆ ವಿಸಿಡಿಎಸ್ ಎಂಬ ಸ್ಕ್ಯಾನ್ ಸಾಫ್ಟ್‌ವೇರ್ ಇರುವ ಗ್ಯಾರೇಜ್ ಬೇಕು, ಸಾವಿರ ರೂಪಾಯಿಯ ಬ್ಲೂಟೂತ್ ಡಾಂಗಲ್ ಗೇರ್‌ಬಾಕ್ಸ್ ಯೂನಿಟ್ ತನಕ ಹೋಗುವುದಿಲ್ಲ. ಕಿಲೋಮೀಟರ್ ಮೀಟರ್‌ನಲ್ಲಿ ಮಾತ್ರವಲ್ಲ, ಬೇರೆ ಯೂನಿಟ್‌ಗಳಲ್ಲೂ ದಾಖಲಾಗಿರುತ್ತದೆ. ಎರಡನ್ನೂ ತಾಳೆ ನೋಡಿ. ಅರವತ್ತು ಸಾವಿರ ಎಂದು ತೋರಿಸುವ ಕಾರಿನ ಬ್ರೇಕ್ ಪೆಡಲ್ ರಬ್ಬರ್ ನುಣುಪಾಗಿ ಸವೆದಿದ್ದರೆ ಮೀಟರ್ ತಿರುಗಿಸಿದ ಅನುಮಾನ ಪಡಿ. ಹೆದ್ದಾರಿಯಲ್ಲಿ ಓಡಿದ ಎರಡು ಲಕ್ಷ ಕಿ.ಮೀ.ನ ಕಾರು, ನಗರದಲ್ಲೇ ತೆವಳಿದ ತೊಂಬತ್ತು ಸಾವಿರದ ಕಾರಿಗಿಂತ ಎಷ್ಟೋ ಸಲ ಗಟ್ಟಿಯಾಗಿರುತ್ತದೆ.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ, 2015 ಮತ್ತು 2023ರಲ್ಲಿ ಚೆನ್ನೈನಲ್ಲಿ ಮುಳುಗಿದ ಕಾರುಗಳಲ್ಲಿ ಲಕ್ಷುರಿ ಕಾರುಗಳೂ ಇದ್ದವು. ಸ್ಟೆಪ್ನಿ ಗುಂಡಿಯ ಮೂಲೆಗಳಲ್ಲಿ ಒಣಗಿದ ಕೆಸರು, ಸೀಟ್ ಹಳಿಗಳಲ್ಲಿ ತುಕ್ಕು, ಕಾರ್ಪೆಟ್ ಕೆಳಗಿನ ಫೋಮ್‌ನಲ್ಲಿ ವಾಸನೆ ಹುಡುಕಿ. ಇನ್ಶೂರೆನ್ಸ್ ಕ್ಲೇಮ್ ಇತಿಹಾಸವನ್ನೂ ಕೇಳಿ.

ಕಾಗದಪತ್ರ

10 ವರ್ಷ ದಾಟಿದ ಡೀಸೆಲ್ ಕಾರುಗಳು ದೆಹಲಿಯಲ್ಲಿ ಓಡಬಾರದು ಎಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶಿಸಿದಂದಿನಿಂದ ಅಲ್ಲಿನ ಕಾರುಗಳು ದಕ್ಷಿಣಕ್ಕೆ ಅಗ್ಗವಾಗಿ ಬರುತ್ತಿವೆ. ಬೆಲೆ ನೋಡಿ ಮರುಳಾಗುವ ಮುನ್ನ ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಲೆಕ್ಕ ಹಾಕಿ. ಅದು ನೀವು ಕೊಟ್ಟ ಬೆಲೆಯ ಮೇಲಲ್ಲ, ಕಾರಿನ ಮೂಲ ಬೆಲೆಯ ಮೇಲೆ, ವಯಸ್ಸಿಗೆ ತಕ್ಕ ರಿಯಾಯಿತಿ ಕಳೆದು. 20 ಲಕ್ಷ ಮೀರಿದ ಹೊಸ ಕಾರಿಗೆ ಮೂಲ ದರವೇ ಶೇ. 18. ಆ ಮೊತ್ತ ಸೇರಿಸಿದರೆ ಕೆಎ ನೋಂದಣಿಯ ಕಾರೇ ಅಗ್ಗವಾಗುವುದುಂಟು. ಹೊರ ರಾಜ್ಯದ್ದಾದರೆ ನಮೂನೆ 28ರ ಎನ್‌ಒಸಿ, ವರ್ಗಾವಣೆಗೆ 29 ಮತ್ತು 30, ಸಾಲ ತೀರಿದ್ದರೆ 35. 15 ವರ್ಷ ತುಂಬಿದ ಮೇಲೆ ಎಫ್‌ಸಿ ಮಾಡಿಸಿ ಆರ್‌ಸಿ ನವೀಕರಿಸಬೇಕು, ಗ್ರೀನ್ ಟ್ಯಾಕ್ಸ್ ಕಟ್ಟಬೇಕು.

ಕೊಂಡ ಮೊದಲ ತಿಂಗಳು

ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಮೊದಲು. ಒಎಂ651ಕ್ಕೆ 6.5 ಲೀಟರ್, 229.51 ದರ್ಜೆ. ಎನ್47ಕ್ಕೆ 5.2 ಲೀಟರ್, ಎಲ್‌ಎಲ್-04 ದರ್ಜೆ. ಕಾರಿನ ಕಂಪ್ಯೂಟರ್ ಹೇಳುವವರೆಗೆ ಕಾಯದೆ 8,000ದಿಂದ 10,000 ಕಿ.ಮೀ.ಗೆ ಬದಲಾಯಿಸಿ. ಚೈನ್ ಉಳಿಸುವ ಅಗ್ಗದ ದಾರಿ ಅದೊಂದೇ.

ಗೇರ್ ಆಯಿಲ್ ಎಂದೂ ಬದಲಾಗದ ಕಾರಾದರೆ ಮೆಷಿನ್ ಹಾಕಿ ಒತ್ತಡದಲ್ಲಿ ಫ್ಲಶ್ ಮಾಡಿಸಬೇಡಿ. ಮೂಲೆಯಲ್ಲಿ ಕೂತ ಕೊಳೆ ಎದ್ದು ಸೊಲೆನಾಯ್ಡ್‌ಗೆ ಸೇರುವ ಅಪಾಯವಿದೆ. ಪ್ಯಾನ್-ಫಿಲ್ಟರ್ ಬದಲಾಯಿಸಿ, ತಾಪ ನೋಡಿ ಸರಿಯಾದ ಮಟ್ಟಕ್ಕೆ ತುಂಬಿ, ಸಾವಿರ ಕಿ.ಮೀ. ಓಡಿಸಿ, ಇನ್ನೊಮ್ಮೆ ಇಳಿಸಿ ತುಂಬಿ. ಪ್ಯಾನ್‌ನೊಳಗಿನ ಆಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಸಹಜ. ಕಣ್ಣಿಗೆ ಕಾಣುವ ಲೋಹದ ಚೂರು ಇದ್ದರೆ ಒಳಗೆ ಏನೋ ತುಂಡಾಗಿದೆ. ಆಯಿಲ್‌ನಲ್ಲಿ ಹಾಲಿನಂಥ ಗುಲಾಬಿ ಬಣ್ಣ ಕಂಡರೆ ರೇಡಿಯೇಟರ್ ಅಥವಾ ಕೂಲರ್ ಒಳಗೆ ಒಡೆದು ಕೂಲಂಟ್ ಬೆರೆತಿದೆ. ಕಾರನ್ನು ಅಲ್ಲಿಂದ ಓಡಿಸಿಕೊಂಡು ಬರಬೇಡಿ, ಟೋ ಮಾಡಿಸಿ.

ಜರ್ಮನ್ ಕಾರುಗಳ 12 ವೋಲ್ಟ್ ಬ್ಯಾಟರಿ ಬದಲಾಯಿಸುವಾಗ ಎಜಿಎಂ (ಆಮ್ಲ ಹೀರಿಕೊಂಡ ಗಾಜಿನ ನಾರಿನ) ಬಗೆಯದ್ದೇ ಹಾಕಿ. ಬಿಎಂಡಬ್ಲ್ಯುನಲ್ಲಿ ಹೊಸ ಬ್ಯಾಟರಿಯನ್ನು ಸ್ಕ್ಯಾನರ್‌ನಲ್ಲಿ ರಿಜಿಸ್ಟರ್ ಮಾಡದಿದ್ದರೆ ಕಾರು ಹಳೆಯದೆಂದೇ ಚಾರ್ಜ್ ಮಾಡಿ ಅದನ್ನು ಬೇಗ ಕೊಲ್ಲುತ್ತದೆ. ಎಷ್ಟೋ "ಗೇರ್‌ಬಾಕ್ಸ್ ದೋಷ"ಗಳ ಮೂಲ ಸೊರಗಿದ ಬ್ಯಾಟರಿಯೇ. ಟೈರ್ ಪಕ್ಕದ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. ಆರು ವರ್ಷ ದಾಟಿದ್ದರೆ ಟ್ರೆಡ್ ಎಷ್ಟೇ ಉಳಿದಿರಲಿ ಬದಲಾಯಿಸಿ. ಸಸ್ಪೆನ್ಷನ್ ಭಾಗಗಳನ್ನು ಕಂಪನಿಯ ಪೆಟ್ಟಿಗೆಯಲ್ಲೇ ಕೊಳ್ಳಬೇಕೆಂದಿಲ್ಲ. ಲೆಮ್‌ಫೋರ್ಡರ್, ಸ್ಯಾಕ್ಸ್, ಬಿಲ್‌ಸ್ಟೀನ್ ಹೆಸರಿನ ಅಸಲಿ ಮಾಲು ಅರ್ಧದಷ್ಟು ಕಡಿಮೆಗೂ ಸಿಗುವುದುಂಟು.

ಯಾರಿಗೆ ಯಾವುದು

ದಿನವೂ ಬೆಂಗಳೂರಿನೊಳಗೇ ಓಡಾಟವಾದರೆ ಕ್ಯಾಮ್ರಿ, ಎರಡನೆಯ ಮಾತಿಲ್ಲ. ಹುಬ್ಬಳ್ಳಿ-ಬೆಂಗಳೂರು ಥರದ ಹೆದ್ದಾರಿ ಓಡಾಟ ಹೆಚ್ಚಿದ್ದು, ನೀವೇ ಓಡಿಸುವವರಾದರೆ 520ಡಿ, ಅದರಲ್ಲೂ ಬಿ47. ಮನೆಯ ಹಿರಿಯರನ್ನು ಹಿಂದೆ ಕೂರಿಸಿಕೊಂಡು ಹೋಗಬೇಕು, ರಸ್ತೆ ಅಷ್ಟಕ್ಕಷ್ಟೆ ಎಂದಾದರೆ ಇ250. ಬಿಎಂಡಬ್ಲ್ಯುನ ರನ್‌ಫ್ಲ್ಯಾಟ್ ಟೈರ್‌ಗಿಂತ ಬೆಂಜ್‌ನ ಮೆದು ನಡೆ ಅವರ ಬೆನ್ನಿಗೆ ಹಿತ. ರಾಯಚೂರು, ಕಲಬುರಗಿ ಕಡೆಯವರು ಹತ್ತಿರದಲ್ಲಿ ಸರಿಯಾದ ಸ್ಕ್ಯಾನರ್ ಇರುವ ಗ್ಯಾರೇಜ್ ಎಲ್ಲಿದೆ ಎಂದು ತಿಳಿದ ಮೇಲೆ ಬ್ರ್ಯಾಂಡ್ ಆರಿಸಿ. ಇಲ್ಲದಿದ್ದರೆ ಅಲ್ಲೂ ಟೊಯೊಟಾವೇ ಸರಿ.

ಗೇರ್‌ಬಾಕ್ಸ್ ಕೈಕೊಟ್ಟರೆ

ಮೊದಲು ಕೋಡ್ ಓದಿಸಿ, ಆಯಿಲ್ ಮಟ್ಟ ನೋಡಿಸಿ, ಬ್ಯಾಟರಿ ವೋಲ್ಟೇಜ್ ಅಳೆಸಿ. ಪೂರ್ತಿ ಗೇರ್‌ಬಾಕ್ಸ್ ಹೋಗಿದೆ ಎಂದು ಈ ಮೂರೂ ಆಗದೆ ಹೇಳುವವರನ್ನು ನಂಬಬೇಡಿ. ಬೆಂಜ್‌ನ 7 ಸ್ಪೀಡ್‌ನಲ್ಲಿ ಪ್ಲೇಟ್ ರಿಪೇರಿ ಮಾಡುವವರಿದ್ದಾರೆ, ಆಡಿಯ ಮೆಕಾಟ್ರಾನಿಕ್ ಬೋರ್ಡ್‌ಗೂ ರಿಪೇರಿ ಕಿಟ್ ಸಿಗುತ್ತದೆ. ಶಿವಾಜಿನಗರದ ಗುಜರಿಯಲ್ಲಿ ಹಳೆ ಯೂನಿಟ್ ಕಡಿಮೆಗೆ ಸಿಗಬಹುದು. ಆದರೆ ಬೆಂಜ್, ಆಡಿಗಳ ಕಂಟ್ರೋಲ್ ಯೂನಿಟ್ ಮೂಲ ಕಾರಿನ ಗುರುತನ್ನು ಇಟ್ಟುಕೊಂಡಿರುವುದರಿಂದ ನಿಮ್ಮ ಕಾರಿಗೆ ಕೋಡಿಂಗ್ ಆಗದೆ ಅದು ಗೇರ್ ಹಾಕುವುದಿಲ್ಲ. ಕೋಡಿಂಗ್ ಮಾಡಿಕೊಡುವವರ ಜೊತೆ ಮೊದಲು ಮಾತಾಡಿ, ಯೂನಿಟ್ ಮೇಲಿನ ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೂ ಹೊಂದುತ್ತದೆಯೇ ನೋಡಿ, ಕೆಲಸ ಮಾಡದಿದ್ದರೆ ವಾಪಸ್ ಎಂದು ಬಿಲ್ ಮೇಲೆ ಬರೆಸಿಕೊಂಡು ಆಮೇಲೆ ದುಡ್ಡು ಕೊಡಿ.